ಆರತಿಗೆ ಊದಿದ ಸೋಮವಾರ

ತೋರಣಗಲ್ಲಿನ ಕಾರ್ಖಾನೆಯ ಗೇಟಿನಲ್ಲಿ ಶಿಫ್ಟಿಗೆ ಹೋಗುವವರೆಲ್ಲ ಊದಬೇಕು. ಸೆಕ್ಯೂರಿಟಿಯವನು ಕುಡಿತ ಪತ್ತೆಮಾಡುವ ಅಂಗೈಯಗಲದ ಮಷೀನನ್ನು ಬಾಯಿಯ ಹತ್ತಿರ ಹಿಡಿಯುತ್ತಾನೆ, ನಾವು ಊದುತ್ತೇವೆ, ಹಸಿರು ದೀಪ ಬಂದರೆ ಒಳಗೆ. ಕುಡಿಯುತ್ತಿದ್ದ ಕಾಲದಲ್ಲೂ ನನಗೆ ಹಸಿರೇ ಬರುತ್ತಿತ್ತು. ನಾನು ಕುಡಿಯುತ್ತಿದ್ದುದು ಶಿಫ್ಟ್ ಮುಗಿಸಿ ಹೊಸಪೇಟೆಯಲ್ಲಿ ಬಸ್ಸಿಳಿದ ಮೇಲೆ.

ಕುಡಿತ ಬಿಟ್ಟ ಮೇಲೆ ಹೆಂಡತಿ ಮನೆಯಲ್ಲೂ ಅದೇ ಪದ್ಧತಿ ತಂದಳು. ಮಷೀನಿಲ್ಲ, ಅವಳ ಮೂಗೇ ಸಾಕು. ಬಾಗಿಲಲ್ಲಿ ಮುಖ ಹತ್ತಿರ ತರುತ್ತಿದ್ದಳು, ನಾನು ಊದುತ್ತಿದ್ದೆ, ಅವಳು ಒಳಗೆ ಹೋಗಿ ಚಹಾಕ್ಕಿಡುತ್ತಿದ್ದಳು. ನನಗೆ ಬೇಸರವೇನೂ ಇರಲಿಲ್ಲ. ಆ ತಿಂಗಳುಗಳಲ್ಲಿ ಯಾವುದರ ಬಗ್ಗೆಯೂ ಏನೂ ಅನ್ನಿಸುತ್ತಿರಲಿಲ್ಲ.

ಕುಡಿತ ಬಿಡಿಸಿದ್ದು ಬಳ್ಳಾರಿಯ ಒಬ್ಬ ಡಾಕ್ಟರಮ್ಮ. ಕುಡಿತದ ಬಗ್ಗೆ ಕೇಳಿ ಮುಗಿಸಿ, ಶಾಲೆಯಲ್ಲಿ ಹೇಗಿದ್ದೆ, ಏನೇನು ಕಳೆದುಕೊಳ್ಳುತ್ತಿದ್ದೆ ಎಂದು ಕೇಳಿದರು. ಕೊನೆಗೆ, ನನಗೆ ಎಡಿಎಚ್‌ಡಿ ಇದೆ ಎಂದರು. ಗಮನ ಒಂದು ಕಡೆ ನಿಲ್ಲದ ತೊಂದರೆ, ಚಿಕ್ಕಂದಿನಿಂದಲೂ ಇದ್ದದ್ದು. ತಲೆಯೊಳಗಿನ ಗದ್ದಲ ತಗ್ಗಲಿ ಅಂತಲೇ ನಾನು ಕುಡಿಯುತ್ತಿದ್ದಿರಬಹುದು ಎಂದಾಗ ಹೌದು ಅನ್ನಿಸಿತು. ದಿನಾ ಬೆಳಗ್ಗೆ ಒಂದು ಗುಳಿಗೆ ಬರೆದುಕೊಟ್ಟರು. ಮರೆಗುಳಿಗೆ ಮರೆಯದೆ ನುಂಗುವ ಗುಳಿಗೆ.

ಹೆಂಡತಿಗೆ ಗುಳಿಗೆಯಲ್ಲಿ ನಂಬಿಕೆ ಇರಲಿಲ್ಲ. ಕುಡಿತ ಹೋದರೆ ಎಲ್ಲ ಸರಿಹೋಗುತ್ತದೆ ಎಂದು ತವರಿನವರಿಗೆ ಹೇಳಿ ನನ್ನ ಜೊತೆ ಉಳಿದಿದ್ದಳು. ಇನ್ನೊಂದು ಸಲ ಕುಡಿದರೆ ಮಗಳನ್ನು ಕರೆದುಕೊಂಡು ತವರೂರು ಕಂಪ್ಲಿಗೆ ಹೋಗಿಬಿಡುವುದೆಂದು ಅಲ್ಲಿ ತೀರ್ಮಾನವಾಗಿತ್ತು.

ಶ್ರಾವಣದ ಒಂದು ಸೋಮವಾರ ಕಂಪ್ಲಿಯ ಅತ್ತೆಯ ಮನೆಯಲ್ಲಿ ಪೂಜೆ. ನಾನು ರಾತ್ರಿ ಶಿಫ್ಟ್ ಮುಗಿಸಿ ನೇರ ಹೋಗಿದ್ದೆ. ಪೂಜೆಗೆ ಬಂದ ಅಯ್ಯನೋರು ಮಂತ್ರ ಹೇಳುತ್ತಿದ್ದರು. ನನ್ನ ತಲೆ ಫ್ಯಾನಿನ ಸದ್ದಿನಿಂದ ಪಕ್ಕದ ಮನೆಯ ಕುಕ್ಕರಿಗೆ, ಅಲ್ಲಿಂದ ಗೇಟ್ ಪಾಸ್ ಎಲ್ಲಿಟ್ಟೆ ಎನ್ನುವಲ್ಲಿಗೆ ಹೋಗಿತ್ತು. ಅತ್ತೆ ಎಲ್ಲರಿಗೂ ಆರತಿ ಕೊಡುತ್ತ ಬಂದು ತಟ್ಟೆಯನ್ನು ನನ್ನ ಮುಂದೆ ಎತ್ತಿ ಹಿಡಿದರು. ಮುಖದ ಹತ್ತಿರ ಏನೋ ಬಂತು. ಊದಿದೆ.

ದೀಪ ಆರಿತು. ನಮ್ಮಲ್ಲಿ ಮನೆಯ ದೀಪವನ್ನೇ ಬಾಯಿಂದ ಊದಿ ಆರಿಸುವುದಿಲ್ಲ, ನಾನು ದೇವರಿಗೆ ಬೆಳಗಿದ ಆರತಿಯನ್ನು ಆರಿಸಿದ್ದೆ. ಮಂತ್ರ ನಿಂತಿತು. ಬೆಳಗ್ಗೆಯೇ ಹಾಕಿಕೊಂಡು ಬಂದಿದ್ದಾನೆ ಎಂದು ಹೆಂಡತಿಯ ಅಣ್ಣ ಗೊಣಗಿದ. ನಾಚಿಕೆಯಾಗಬೇಕಿತ್ತು, ಗೊತ್ತು. ಆಗಲಿಲ್ಲ. ಬತ್ತಿಯಿಂದ ಏಳುತ್ತಿದ್ದ ಹೊಗೆಯನ್ನೇ ನೋಡುತ್ತ ನಿಂತೆ.

ಹೆಂಡತಿ ಎದ್ದು ಬಂದು, ಅಷ್ಟೂ ಜನರ ಎದುರು, ಮುಖ ಹತ್ತಿರ ತಂದಳು.

"ಊದ್ರಿ."

ಊದಿದೆ. ಅವಳು ತಾಯಿಯ ಕಡೆ ತಿರುಗಿ, ಕುಡಿದಿಲ್ಲ ಎಂದಳು. ಅತ್ತೆ ಬೇರೆ ಬತ್ತಿ ತರಲು ಒಳಗೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಹೆಂಡತಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಬಸ್ಸು ಕಮಲಾಪುರ ದಾಟಿತು.

"ನೀವು ಕುಡದ ಬಂದಿದ್ರ ಚೊಲೋ ಇತ್ತು ನೋಡ್ರಿ," ಎಂದಳು ಹೆಂಡತಿ. "ಬಿಡಸಬಹುದಿತ್ತು."

ಹೊಸಪೇಟೆಯಲ್ಲಿ ಇಳಿದಾಗ ನಾನು ದಿನಾ ಹೋಗುತ್ತಿದ್ದ ವೈನ್‌ಶಾಪ್ ತೆರೆದೇ ಇತ್ತು. ಅವಳೂ ನೋಡಿದಳು, ನಾನೂ ನೋಡಿದೆ. ಮಗಳನ್ನು ಎತ್ತಿಕೊಂಡು ಆಟೋ ಹತ್ತಿದೆವು.

ಮುಂದಿನ ಶಿಫ್ಟ್ ಮುಗಿಸಿ ಬಂದು ಎಂದಿನಂತೆ ಬಾಗಿಲಲ್ಲಿ ನಿಂತೆ. ಊದಲು ಉಸಿರು ತುಂಬಿಕೊಂಡಿದ್ದೆ. ಅವಳು ಮುಖ ಹತ್ತಿರ ತರಲಿಲ್ಲ.

"ಗುಳಿಗಿ ತಗೊಂಡ್ರೇನು?"

ಬಹಳ ದಿನಗಳ ಮೇಲೆ ನನಗೆ ಏನೋ ಅನ್ನಿಸಿತು. ತಗೊಂಡಿದ್ದೆನೋ ಇಲ್ಲವೋ ನೆನಪಿರಲಿಲ್ಲ. ಹಾಗೆಂದೇ ಹೇಳಿದೆ. ಅವಳು ಒಳಗಿಂದ ಸ್ಟ್ರಿಪ್ ತಂದು ಉಳಿದ ಗುಳಿಗೆಗಳನ್ನು ಎಣಿಸತೊಡಗಿದಳು. ನಾನು ಬಾಗಿಲಲ್ಲೇ ನಿಂತು ಕಾದೆ.