ನಸೀಮಾ ಕನ್ನಡ ಶಾಲೆಗೆ ಹೋದ ವರ್ಷ

ಇವತ್ತು ಬೆಳಿಗ್ಗೆ ಮೊಮ್ಮಗಳು ನಸೀಮಾಳ ಬುತ್ತಿಗೆ ಚಟ್ನಿ ಮಾಡಲೆಂದು ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟು ಮೂಗಿಗೇರಿ ಸೀನು ಬಂತು, ಒಂದಲ್ಲ, ಸಾಲುಸಾಲು. ಬ್ಯಾಡಗಿಯಲ್ಲಿ ಹುಟ್ಟಿ ಬ್ಯಾಡಗಿಯಲ್ಲೇ ಮುದುಕಿಯಾದವಳು ಮೆಣಸಿನಕಾಯಿಗೆ ಸೀನಿದಳೆಂದರೆ ನೀವು ನಗುತ್ತೀರಿ. ನಗಿರಿ. ಇವತ್ತು ನನ್ನನ್ನು ನೋಡಿ ಯಾರು ನಕ್ಕರೂ ನನಗೆ ಸಂತೋಷವೇ. ಆ ಘಾಟಿನ ಜೊತೆಗೆ ಒಂದು ವರ್ಷವೇ ಎದುರಿಗೆ ಬಂದು ಕುಳಿತಿತು. ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ, ಕೇಳಿರಿ.

ನಮ್ಮ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾನು ಓದಿದ್ದು ಉರ್ದು ಶಾಲೆಯ ನಾಲ್ಕನೆಯ ಇಯತ್ತೆ. ಕನ್ನಡದ ಅಕ್ಷರ ಕಲಿತದ್ದು ಪೇಟೆಯ ಬೋರ್ಡುಗಳನ್ನು ನೋಡಿ ನೋಡಿ. ಹಾಗಾಗಿ ಇದನ್ನು ನಾನು ಬರೆದರೂ ತಿದ್ದುವವಳು ನಸೀಮಾ. ಸರಿ ಇದ್ದದ್ದು ನನ್ನದು, ತಪ್ಪು ಉಳಿದಿದ್ದರೆ ಅವಳದು.

ನಾನು ಹೇಳಹೊರಟ ಆ ವರ್ಷ ಅವಳು ಉರ್ದು ಶಾಲೆಯಲ್ಲಿ ಏಳನೆಯದು ಮುಗಿಸಿದ್ದಳು. ಅಲ್ಲಿ ಕನ್ನಡವೂ ಒಂದು ಪಾಠವಾಗಿತ್ತು, ನಿಜ. ಆದರೆ ಎಂಟನೆಯದಕ್ಕೆ ಸೇರಿದ ಹೈಸ್ಕೂಲಿನಲ್ಲಿ ಲೆಕ್ಕವೂ ಕನ್ನಡ, ವಿಜ್ಞಾನವೂ ಕನ್ನಡ, ಇತಿಹಾಸದ ರಾಜರು ಸತ್ತದ್ದೂ ಕನ್ನಡದಲ್ಲೇ. ಸಂಭ್ರಮಕ್ಕೆ ನಾನೇ ಕೂತು ಹೊಸ ಪುಸ್ತಕಗಳಿಗೆ ಕಾಕಿ ಹಾಳೆಯ ರಟ್ಟು ಹಾಕಿದೆ. ಅನ್ನದ ಅಗುಳು ಹಚ್ಚಿ ಹೆಸರಿನ ಚೀಟಿ ಅಂಟಿಸಿದೆ. ಎಲ್ಲಿ ಅಂಟಿಸಿದೆ ಅನ್ನುತ್ತೀರಿ? ನಮ್ಮ ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದಲ್ಲವೇ, ಕೈ ಅಲ್ಲಿಗೇ ಹೋಯಿತು. ಎಲ್ಲ ಪುಸ್ತಕಗಳ ಹೆಸರೂ ಬೆನ್ನಿಗೆ ಬಿತ್ತು. ನಸೀಮಾ ನೋಡಿದಳಂತೆ, ದಾದಿ, ಅಂದರೆ ಅಜ್ಜಿ, ಇಷ್ಟು ಕಷ್ಟಪಟ್ಟು ಮಾಡಿದ್ದಾಳೆ ಎಂದು ಸುಮ್ಮನೆ ಒಯ್ದಳು.

ಮೊದಲ ದಿನವೇ ಪಕ್ಕದ ಬೆಂಚಿನ ಹುಡುಗಿ ಎದ್ದು ನಿಂತು, "ಅಕ್ಕೋರ, ಈಕಿ ಪುಸ್ತಕಕ್ಕ ಮಾರಿ ಬೆನ್ನಿಗೆ ಐತಿ ನೋಡ್ರಿ" ಎಂದಳಂತೆ. ಕ್ಲಾಸು ನಕ್ಕಿತು. ಅವತ್ತು ಮುಚ್ಚಿದ ಬಾಯಿಯನ್ನು ನಮ್ಮ ಹುಡುಗಿ ತೆರೆಯಲಿಲ್ಲ. ಕನ್ನಡದ ಅಕ್ಕೋರು ಬೆಂಚಿನ ಸಾಲಿನಂತೆ ಒಬ್ಬೊಬ್ಬರಿಂದ ಪಾಠ ಓದಿಸುತ್ತಿದ್ದರು. ಇವಳ ಪಾಳಿ ಬಂದಾಗ ಎದ್ದು ನಿಲ್ಲುವುದು, ನೆಲ ನೋಡುವುದು, ಕುಳಿತುಕೊಳ್ಳುವುದು, ಇಷ್ಟೇ. ಮನೆಯಲ್ಲಿ ಮಾತ್ರ ದಿನಾ ಬೆಳಿಗ್ಗೆ, "ನಕ್ಕೋ ದಾದಿ, ಬ್ಯಾಡ, ನಾನು ಹೋಗೂದಿಲ್ಲ." ನಾನು ಗದರುತ್ತಿದ್ದೆ, ಬೆಲ್ಲ ಕೊಡುತ್ತಿದ್ದೆ, ಮತ್ತೆ ಗದರುತ್ತಿದ್ದೆ. ಅವಳು ಓಣಿಯ ತಿರುವು ದಾಟುವವರೆಗೆ ಹೊಸ್ತಿಲಲ್ಲೇ ನಿಂತಿರುತ್ತಿದ್ದೆ.

ದಸರೆಯ ಪರೀಕ್ಷೆಯಲ್ಲಿ ಲೆಕ್ಕ ಬಿಟ್ಟು ಎಲ್ಲದರಲ್ಲೂ ಫೇಲಾದಳು. ನನ್ನ ಮಗ ಕೆಟ್ಟವನಲ್ಲ, ಸಿಟ್ಟಿನವನೂ ಅಲ್ಲ. ಅದಕ್ಕೇ ಅವನು ಮೆಲ್ಲಗೆ ಹೇಳಿದ್ದು ಹೆದರಿಕೆ ಹುಟ್ಟಿಸಿತು. ಅವನ ಉರ್ದುವನ್ನು ನಿಮಗಾಗಿ ಕನ್ನಡ ಮಾಡಿ ಹೇಳುತ್ತೇನೆ: "ಹುಡುಗಿ ದಿನಾ ಅಳೋದು ನನಗ ನೋಡಾಕ ಆಗೂದಿಲ್ಲ ಅಮ್ಮಾ. ವರ್ಷದ ಪರೀಕ್ಷಿ ತನಕ ನೋಡೋಣು. ಆಗದಿದ್ದರ ಸಾಲಿ ಬಿಡಸ್ತೀನಿ. ರಾಣೇಬೆನ್ನೂರಾಗ ನಮ್ಮಕ್ಕನ ಹತ್ರ ಹೊಲಿಗಿ ಕಲೀಲಿ."

ಹೊಲಿಗೆ ಕೀಳೆಂದು ನಾನು ಹೇಳುವುದಿಲ್ಲ. ಆದರೆ ನಾಲ್ಕನೆಯ ಇಯತ್ತೆಗೆ ನನ್ನನ್ನು ಬಿಡಿಸಿದಾಗಲೂ ಮನೆಯವರು ಹೀಗೇ ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ್ದರು.

ಸಂಕ್ರಾಂತಿಗೆ ಮೆಣಸಿನಕಾಯಿ ಸುಗ್ಗಿ ಬಂತು. ಪಕ್ಕದ ಮನೆಯ ಗಂಗವ್ವನ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸಲು ಕೂಡುತ್ತಿದ್ದೆವು. ಮನೆಯಲ್ಲಿ ಬಿಟ್ಟರೆ ಅಳುತ್ತಾಳೆಂದು ನಸೀಮಾಳನ್ನೂ ಪುಸ್ತಕದ ಜೊತೆಗೆ ಕರೆದೊಯ್ದೆ. ಮೂಲೆಯಲ್ಲಿ ಕೂತು ತುಟಿಯಲ್ಲೇ ಓದುತ್ತಿದ್ದಳು. ಗಂಗವ್ವನಿಗೆ ಬಾಯಲ್ಲಿ ಹಲ್ಲಿರಲಿಲ್ಲ, ಆದರೆ ಮಾತಿಗೆ ಹಲ್ಲಿತ್ತು.

"ಏ ಹುಡುಗಿ, ಒಬ್ಬಾಕೀನ ತಿಂತೀಯೇನು ಅದನ್ನ? ನಮಗೂ ಸ್ವಲ್ಪ ಹಾಕು."

ನಸೀಮಾ ನನ್ನನ್ನು ನೋಡಿದಳು. ನಾನು ಬೇಕೆಂದೇ ಮೆಣಸಿನಕಾಯಿ ನೋಡಿದೆ.

"ಆಕಿಗೆ ಬರಂಗಿಲ್ಲ ಬಿಡಬೇ" ಎಂದು ಯಾರೋ ಅಂದರು.

"ಬರದಿದ್ದರ ನಡೀತೈತಿ. ನನಗೇನು ಬರ್ತೈತಿ? ತಪ್ಪು ಓದಿದ್ರ ಹಿಡಿಯೋರು ಯಾರದಾರ ಇಲ್ಲಿ?"

ಅವಳು ಓದಿದಳು. ಅನ್ನ ಜೀರ್ಣವಾಗುವ ವಿಜ್ಞಾನದ ಪಾಠ. ತಡವರಿಸಿ, ನಿಂತು, ಸೀನಿ, ಮತ್ತೆ ಓದಿದಳು. ಪಚನ ಶುರುವಾಗುವುದು ಬಾಯಲ್ಲೇ ಎಂಬಲ್ಲಿಗೆ ಗಂಗವ್ವ ತಡೆದಳು. "ಸುಳ್ಳು. ಹೊಟ್ಟಿ ಕೆಲಸ ಬಾಯಿ ಯಾಕ ಮಾಡ್ತೈತಿ?"

"ಸುಳ್ಳಲ್ಲ ಆಯಿ, ಜೊಲ್ಲಿನಾಗ ಕರಗತೈತಿ."

"ಯಾರು ನೋಡ್ಯಾರ?"

ಅಲ್ಲಿಯವರೆಗೆ ಪಿಸುಗುಟ್ಟುತ್ತಿದ್ದವಳಿಗೆ ಸಿಟ್ಟು ಬಂತು. "ರೊಟ್ಟಿ ತುಣುಕು ಬಾಯಾಗ ಹಾಕ್ಕೋರಿ. ನುಂಗಬ್ಯಾಡ್ರಿ. ಅಗೀತಾನ ಇರ್ರಿ. ಸಿಹಿ ಆಗತೈತಿ. ಆಗದಿದ್ದರ ನನ್ನ ಕೇಳ್ರಿ."

ಗಂಗವ್ವ ಒಳಗಿಂದ ಜೋಳದ ರೊಟ್ಟಿ ತಂದು ಹಂಚಿದಳು. ಓಣಿಯ ಅಷ್ಟೂ ಹೆಂಗಸರು ಮಾತಿಲ್ಲದೆ ಅಗಿಯುತ್ತ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ವಸಡಿನಲ್ಲೇ ಅರೆಯುತ್ತಿದ್ದ ಗಂಗವ್ವ ಎಲ್ಲರಿಗಿಂತ ತಡವಾಗಿ ನನ್ನ ಕಡೆ ಕಣ್ಣೆತ್ತಿದಳು. ನನ್ನನ್ನು ಅವಳು ಕರೆಯುವುದೇ ಬೂಬವ್ವ ಎಂದು. "ಖರೇ ಐತಿ ಬೂಬವ್ವ. ಸಿಹಿ ಬಂತು. ಮುಂದ ಓದಬೇ ತಂಗಿ, ಆಮ್ಯಾಲೆ ಎಲ್ಲಿ ಹೋಗತೈತಿ?"

ಆಮೇಲೆ ದಿನಾ ಓದು. ಓದಿದರೆ ಸಾಲದು, ಅದು ಹೇಗೆ, ಯಾಕೆ ಎಂದು ಬಿಡಿಸಿ ಹೇಳಬೇಕು. ಹೇಳದಿದ್ದರೆ ಓಣಿಯ ಹೆಂಗಸರು ಮುಂದಿನ ಸಾಲಿಗೆ ಬಿಡುತ್ತಿರಲಿಲ್ಲ.

ವರ್ಷದ ಪರೀಕ್ಷೆಗೆ ಮೊದಲು ಅಕ್ಕೋರು ಓದಿಸಿ ನೋಡುವ ದಿನ ಬಂತು. ಬುತ್ತಿ ಕೊಡಲು ಬಂದವಳಂತೆ ಡಬ್ಬಿ ಹಿಡಿದು ಶಾಲೆಯ ಕಿಟಕಿಯ ಕೆಳಗೆ ನಿಂತೆ. ಡಬ್ಬಿ ಖಾಲಿ ಇತ್ತು. ಒಬ್ಬೊಬ್ಬರ ದನಿ ಕೇಳುತ್ತ ಹೋಯಿತು. ಆಮೇಲೆ ನಸೀಮಾಳ ಹೆಸರು. ಆಮೇಲೆ ಏನೂ ಇಲ್ಲ. ಬೆಂಚು ಕಿರುಗುಟ್ಟಿತು, ಯಾರೋ ಕಿಸಕ್ಕೆಂದರು. ನಾನು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಗೆ ಇನ್ನೂ ಹತ್ತಿರ ಸರಿದೆ.

"ಕುಂದರ್ತೀಯೇನು?" ಎಂದರು ಅಕ್ಕೋರು. ಬೈಗುಳವಲ್ಲ, ಅವರೂ ಮೆಲ್ಲಗೇ ಕೇಳಿದರು. ಮೆಲ್ಲಗೆ ಹೇಳಿದ ಮಾತು ಎಲ್ಲಿಗೆ ಒಯ್ಯುತ್ತದೆಂದು ನನಗೆ ಗೊತ್ತಿತ್ತು.

"ಇಲ್ರಿ" ಎಂದಿತು ಒಂದು ಸಣ್ಣ ದನಿ. ಓದತೊಡಗಿತು.

ಗೀಜಗನ ಹಕ್ಕಿಯ ಪಾಠ. ಎರಡು ಕಡೆ ತಡವರಿಸಿದಳು. ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಯಾರೂ ಕೇಳದೆಯೇ ಮುಂದುವರಿಸಿದಳು: "ಅಂದರ, ಗಂಡು ಗೂಡು ಕಟ್ಟತೈತಿ. ಹೆಣ್ಣು ಬಂದು ನೋಡತೈತಿ. ಮನಸಿಗೆ ಬರದಿದ್ದರ ಮತ್ತೊಂದು ಕಟ್ಟು ಅಂತ ಹೊಂಟು ಬಿಡತೈತಿ."

ಕ್ಲಾಸು ನಕ್ಕಿತು. ಅಕ್ಕೋರೂ ನಕ್ಕರು. "ಹೇಳು ಅಂತ ಯಾರಂದ್ರು ನಿನಗ?"

"ಓದಿದ ಮ್ಯಾಲೆ ಹೇಳಬೇಕಲ್ರಿ ಅಕ್ಕೋರ. ಇಲ್ಲಾಂದ್ರ ನಮ್ಮ ಓಣ್ಯಾಗ ಬಿಡಂಗಿಲ್ರಿ."

ಪಾಸಾದಳು. ಮೊದಲಿನ ನಂಬರೇನೂ ಅಲ್ಲ, ಅಂತೂ ಎಲ್ಲದರಲ್ಲೂ ಪಾಸು. ನನ್ನ ಮಗ ಫಲಿತಾಂಶ ಕೇಳಿ ಬಂದು ಕೈಕಾಲು ತೊಳೆದು, "ಒಂಬತ್ತನೇ ಇಯತ್ತೆ ಸಾಲಿ ಯಾವತ್ತು ಶುರು?" ಎಂದಷ್ಟೇ ಕೇಳಿದ.

ಅದೆಲ್ಲ ಆಗಿ ವರ್ಷಗಳಾದವು. ಇವತ್ತು ನಸೀಮಾ ಕಾಗಿನೆಲೆಯ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಗೆ ಮಾಸ್ತರಿಕೆಗೆ ಹಾಜರಾಗುವ ದಿನ. ಬೇಡವೆಂದರೂ ಬಸ್ಸಿನವರೆಗೆ ಜೊತೆಗೆ ಹೋದೆ. ಬಸ್ಸು ತುಂಬಿತ್ತು. ಕಂಡಕ್ಟರ್ ಬಾಗಿಲಲ್ಲಿ ಕೈ ಅಡ್ಡ ಇಟ್ಟು, "ಹಿಂದ ಬರೋ ಬಸ್ಸಿಗೆ ಬರ್ರಿ" ಎಂದ.

"ಹಿಂದಿನದು ಬರೂದ್ರಾಗ ಸಾಲಿ ಗಂಟಿ ಹೊಡೀತಾರ. ಅಲ್ಲಿ ತನಕ ಹುಡುಗರನ್ನ ನೀವು ಕುಂದರಿಸಿಕೊಂಡಿರ್ತೀರೇನು? ಒಳಗ ನೋಡ್ರಿ, ನಡುವ ಎಷ್ಟು ಜಾಗಾ ಐತಿ. ಎಲ್ಲಾರೂ ಬಾಗಿಲಾಗ ನಿಂತಾರ. ಏ ಅಣ್ಣಾ, ಸ್ವಲ್ಪ ಒಳಗ ಸರೀರಿ."

"ಸಾಕು ಮಾಡು ಬೇಟಿ" ಎಂದು ನಾನೇ ಅವಳ ಸೆರಗು ಜಗ್ಗಿದೆ. ಕಂಡಕ್ಟರ್ ಕೈ ತೆಗೆದ. "ಹತ್ರಿ ಅಕ್ಕೋರ, ಹತ್ರಿ. ನಿಮ್ಮ ಕೂಡ ಮಾತಾಡಿ ಗೆದ್ದೇನು?"

ಬಸ್ಸು ಹೋಯಿತು. ಪಕ್ಕದಲ್ಲಿ ಗಂಟು ಇಟ್ಟುಕೊಂಡು ಕೂತಿದ್ದ ಹೆಂಗಸು ಕೇಳಿದಳು, "ಯಾರ ಪೈಕಿ ಬೇ ಆ ಹುಡುಗಿ? ಭಾಳ ಮಾತಾಡತೈತಿ."

"ನಮ್ಮಾಕಿ" ಎಂದೆ.

ಇನ್ನೂ ಯಾರಾದರೂ ಕೇಳಬಹುದೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.