ಸೀರೆಯಂಚಿನ ಶಾರ್ಟ್‌ಕಟ್‌ಗಳು

ಜಮಖಂಡಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ನನ್ನ ಗಂಡನ ಅಣ್ಣನಿಗೆ ಬನಹಟ್ಟಿಯಲ್ಲಿ ಪವರ್‌ಲೂಮ್‌ಗಳಿದ್ದವು. ಸೀರೆಯ ಅಂಚಿಗೆ ಹೊಸ ಡಿಸೈನ್ ಬೇಕೆಂದು ಭಾವ ಕೇಳಿದಾಗ ಬೇಸಿಗೆ ರಜೆಯನ್ನೆಲ್ಲ ಕೂತು ಮನೆಯ ಕಂಪ್ಯೂಟರಿನಲ್ಲಿ ಬಿಡಿಸಿದೆ. ತೋರಿಸುವ ದಿನ ಅವರು ಸೊಲ್ಲಾಪುರದ ವ್ಯಾಪಾರಿಗಳನ್ನೂ ತಮ್ಮ ಮನೆಗೆ ಕರೆಸಿದ್ದರು.

"ನಮ್ಮ ತಮ್ಮನ ಹೇಣ್ತಿ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸ್ತಾಳ್ರಿ," ಎಂದು ಬಂದವರಿಗೆಲ್ಲ ಹೇಳಿದರು.

ಭಾವನ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿ ಮೊದಲನೆಯ ಡಿಸೈನ್ ಒತ್ತಿದೆ. ಪರದೆಯ ಮೇಲೆ ಪುಟ್ಟ ಟಾರ್ಚೊಂದು ಅತ್ತಿತ್ತ ಆಡುತ್ತ ಫೈಲನ್ನು ಹುಡುಕತೊಡಗಿತು. ಸಿಗಲಿಲ್ಲ. ಎರಡನೆಯದೂ ಹಾಗೇ. ಆಗ ಐಕಾನಿನ ಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತು ಕಣ್ಣಿಗೆ ಬಿತ್ತು. ನಾನು ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳನ್ನಷ್ಟೇ ತಂದಿದ್ದೆ. ಡಿಸೈನ್‌ಗಳು ಜಮಖಂಡಿಯಲ್ಲೇ ಉಳಿದಿದ್ದವು. ಶಾರ್ಟ್‌ಕಟ್ ಎಂದರೆ ಫೈಲಿನ ವಿಳಾಸ ಮಾತ್ರ, ಫೈಲಲ್ಲ ಎಂದು ಹಿಂದಿನ ತಿಂಗಳಷ್ಟೇ ಪಾಠ ಮಾಡಿದ್ದೆ. ಕಿವಿ ಬಿಸಿಯಾದವು. ಏನೋ ಕೆಟ್ಟಿದೆಯೆಂಬಂತೆ ಪೆನ್‌ಡ್ರೈವ್ ಕಿತ್ತು ಮತ್ತೆ ಹಾಕಿದೆ. ವ್ಯಾಪಾರಿಗಳು ಚಹಾ ಕುಡಿದು, ಇನ್ನೊಮ್ಮೆ ಬರುತ್ತೇವೆಂದು ಎದ್ದರು.

ಮರುದಿನ ಮೂಲ ಫೈಲ್‌ಗಳನ್ನು ಒಯ್ದೆ. ಭಾವ ಮಗ್ಗ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತರು.

"ಅವ್ರು ಹೋದ್ರ ಹೋಗ್ಲಿ, ನಾ ಅದೀನಲ್ಲ. ತೋರ್ಸವಾ."

ಬೈದಿದ್ದರೆ ಇಷ್ಟು ಕುಗ್ಗುತ್ತಿರಲಿಲ್ಲ. ಒಂದೊಂದನ್ನೂ ಸಾವಕಾಶ ನೋಡಿ, ಒಂದು ಅಂಚನ್ನು ನೇಯಿಸಿದರು. ವ್ಯಾಪಾರಿಗಳು ಮತ್ತೆ ಬರಲಿಲ್ಲ.

ಆಮೇಲೆ ಈ ಶಾರ್ಟ್‌ಕಟ್ ಎಂಬುದು ನನಗೆ ಹಟವಾಯಿತು. ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂದು ಮ್ಯಾಕ್ ಇತ್ತು. ಅದರಲ್ಲಿ ಇದಕ್ಕೆ ಏಲಿಯಾಸ್ ಎಂಬ ಹೆಸರು. ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೂ ಏಲಿಯಾಸ್ ಅದನ್ನು ಹುಡುಕಿ ತೆರೆಯಿತು. ಆದರೆ ಇನ್ನೊಂದು ಕಂಪ್ಯೂಟರಿಗೆ ಒಯ್ದರೆ ಅದೂ ಬರಿಗೈ. ಕಾಲೇಜಿಗೆ ಲಿನಕ್ಸ್ ಬಂದಾಗ ಅದರಲ್ಲಿ ಇದೇ ಕೆಲಸ ಮಾಡುವ ಲಿಂಕ್ ನೋಡಿದೆ. ಫೈಲಿನ ಹೆಸರು ಬದಲಿಸಿದೊಡನೆ ಅದು ಕೆಲಸಕ್ಕೆ ಬಾರದಾಯಿತು. ಆದರೆ ಹೆಸರನ್ನು ಮೊದಲಿನಂತೆ ಮಾಡಿ, ಕಮಾಂಡ್ ಕೊಟ್ಟು ಲಿಂಕನ್ನೇ ಪೆನ್‌ಡ್ರೈವಿಗೆ ಕಾಪಿ ಮಾಡಿದಾಗ ಇಡೀ ಫೈಲೇ ಹೋಗಿ ಕೂತಿತ್ತು. ಅಂದು ನನ್ನ ಮನೆಯಲ್ಲಿ ಇದಿದ್ದರೆ ಎಂದು ಆ ಲ್ಯಾಬಿನಲ್ಲಿ ನಿಂತು ಎಷ್ಟೋ ಹೊತ್ತು ಯೋಚಿಸಿದೆ.

ಈ ಮೂರನ್ನೂ ಒಟ್ಟಿಗೆ ಕಲಿಸುವಾಗ ಒಮ್ಮೆ ಬನಹಟ್ಟಿಯ ಕಥೆಯನ್ನೂ ಹೇಳಿಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ನಾನೂ ನಗಬಹುದೆಂದುಕೊಂಡಿದ್ದೆ. ಆಗಲಿಲ್ಲ, ಬೋರ್ಡಿನ ಕಡೆ ತಿರುಗಿ, ಬರೆದದ್ದನ್ನೇ ಮತ್ತೆ ಬರೆಯುತ್ತ ನಿಂತೆ.