ಅಕ್ಕ ಕರಿಯುತ್ತಿದ್ದ ಕಜ್ಜಾಯ

ಅಮ್ಮ ತೀರಿಕೊಂಡ ಮೇಲೆ ಗುಬ್ಬಿಯಲ್ಲಿರುವ ಅಕ್ಕನ ಮನೆಯೇ ನನಗೆ ತವರು. ದೀಪಾವಳಿಗೆ ತುಮಕೂರು ಬಟವಾಡಿಯ ಬಾಡಿಗೆ ಮನೆಗೆ ಬೀಗ ಹಾಕಿ ಬೆಳಗಿನ ಬಸ್ಸಿಗೇ ಹೊರಡುತ್ತಿದ್ದೆ. ಅಕ್ಕನ ಮನೆಯ ತಿರುವಿನಲ್ಲೇ ಬೆಲ್ಲದ ಪಾಕದ ಘಮ. ಒಳಗಿಂದ ಅವಳ ಕೂಗು: "ಕಾಲ್ ತೊಳ್ಕೊಂಡು ಬಾರೇ, ಮೊದಲ್ನೇ ಕಜ್ಜಾಯ ನಿಂದೇ ಕಣೇ!"

ಒಂದು ವರ್ಷ ಹಬ್ಬದ ಹೊಸ ಸಿಂಥೆಟಿಕ್ ಸೀರೆಯುಟ್ಟೇ ಅವಳು ಒಲೆಯ ಮುಂದೆ ನಿಂತಿದ್ದಳು. ಒಲೆಯ ಹಿಂದಿನ ಶೆಲ್ಫಿನಿಂದ ಗಸಗಸೆ ಡಬ್ಬ ತೆಗೆಯಲು ಕೈಚಾಚಿದಾಗ ಸೆರಗು ಉರಿಗೆ ತಾಗಿ ಭಗ್ಗೆಂದಿತು. ನಾನು ಕೂತಿದ್ದ ಜಮಖಾನವನ್ನೇ ಎಳೆದು ಅವಳಿಗೆ ಸುತ್ತಿ, ನೆಲಕ್ಕೆ ಕೆಡವಿ ಹೊರಳಿಸಿದೆ. ಭಾವ ಓಡಿಬಂದು ಗ್ಯಾಸ್ ಆರಿಸಿದರು. ಸುಟ್ಟ ತೋಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡಿದ್ದಾಗಲೂ ಅಕ್ಕ ಅಳಲಿಲ್ಲ. "ನಿಂಗೇನೂ ಆಗ್ಲಿಲ್ಲ ತಾನೇ?" ಎಂದು ಅದನ್ನೇ ಕೇಳುತ್ತಿದ್ದಳು. ತುಮಕೂರಿನ ಆಸ್ಪತ್ರೆಯಲ್ಲಿ ತೋಳು ವಾಸಿಯಾಯಿತು. ಭಯ ಹೋಗಲಿಲ್ಲ.

ಭಾವ ಶೆಲ್ಫು ಕೀಳಿಸಿದರು. ಹಬ್ಬದ ಹಣತೆಗಳ ಜಾಗಕ್ಕೆ ಸೆಲ್ಲಿನ ದೀಪ ಬಂತು, ಕಜ್ಜಾಯದ ಜಾಗಕ್ಕೆ ಬೇಕರಿಯ ಸ್ವೀಟು. "ಹಬ್ಬ ಹೋಗ್ಲಿ ಬುಡು, ಮೊದ್ಲು ನೀನ್ ಚೆನ್ನಾಗಿರು" ಎಂದು ದಿನದ ಅಡುಗೆಯನ್ನೂ ತಾವೇ ವಹಿಸಿಕೊಂಡರು. ಒಲೆ ಉರಿಯುತ್ತಿರುವಾಗ ಅಕ್ಕ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಳು. ನಾನು ಹೋದರೆ ಹಾಲ್‌ನಲ್ಲಿ ಕೂತು, ಅತಿಥಿಯನ್ನು ಮಾತಾಡಿಸುವಂತೆ "ಬಾ, ಕೂತ್ಕೋ" ಎನ್ನುತ್ತಿದ್ದಳು.

ಕಳೆದ ದೀಪಾವಳಿಗೆ ಮನೆಯಲ್ಲೇ ಹಿಟ್ಟು ಮಾಡಿಕೊಂಡು ಹೋದೆ. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, "ನೀನು ಹೇಳ್ತಾ ಹೋಗು, ನಾನು ಕರೀತೀನಿ" ಎಂದೆ. ಭಾವ ಬೇಡ ಎನ್ನಲು ಬಾಯಿ ತೆರೆದವರು ಅಕ್ಕನ ಮುಖ ನೋಡಿ ಬಾಣಲಿ ತೆಗೆದುಕೊಟ್ಟರು. ಅವಳು ಬಾಗಿಲವರೆಗೆ ಬಂದು, ದಾರಂದ ಹಿಡಿದು ನಿಂತಳು.

"ಉರಿ ಸಣ್ಣ ಮಾಡೇ."

"ಮಾಡ್ದೆ."

"ಬಾಣಲಿ ಕಡೆ ಬಗ್ಗಬೇಡ. ಹಿಂದೆ ನಿಂತ್ಕೋ."

ನಾನು ಬಿಟ್ಟ ಕಜ್ಜಾಯ ಎಣ್ಣೆಯಲ್ಲಿ ಪುಡಿಪುಡಿಯಾಗಿ ಹರಡಿಕೊಂಡಿತು. ಅಕ್ಕ ನಕ್ಕುಬಿಟ್ಟಳು. "ಅಯ್ಯೋ, ಏನೇ ಇದು! ಇಷ್ಟು ವರ್ಷ ತಿಂದಿದ್ದೊಂದೇ ನೀನು, ಕಲ್ತಿದ್ದೇನೂ ಇಲ್ಲ!" ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಈಗ ಒಳಗೆ ಬಂದಾಳು, ಸೌಟು ಕಿತ್ತುಕೊಂಡಾಳು ಎಂದು ಕಾದೆ. ಅವಳು ಬರಲಿಲ್ಲ. ಮುರಿದ ಚೂರುಗಳನ್ನೇ ತಟ್ಟೆಗೆ ಹಾಕಿಸಿಕೊಂಡು "ಚೆನ್ನಾಗೈತೆ" ಎಂದು ತಿಂದಳು. ಅವಳು ಮಾಡುತ್ತಿದ್ದ ರುಚಿ ಅದರಲ್ಲಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಅಕ್ಕ ಕ್ಷೇಮವಾಗಿದ್ದಾಳೆ. ಅದಕ್ಕಿಂತ ಹೆಚ್ಚಿನದು ಏನು ಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಹಬ್ಬದ ಹಿಂದಿನ ಸಂಜೆ ಬಟವಾಡಿಯ ಯಾವುದೋ ಮನೆಯಿಂದ ಕರಿದ ವಾಸನೆ ಬಂದರೆ, ಬೆವರು ಒರೆಸುತ್ತ, ಎಲ್ಲರನ್ನೂ ಗದರುತ್ತ ಒಲೆಯ ಮುಂದೆ ನಿಂತಿದ್ದ ಅಕ್ಕ ಬೇಕು ಅನ್ನಿಸುತ್ತದೆ.

ಈ ಸಲ ಅವಳೇ ಫೋನ್ ಮಾಡಿದಳು. "ಅಕ್ಕಿ ನಾನೇ ನೆನೆಹಾಕಿ ಹಿಟ್ಟು ಮಾಡ್ಸಿಡ್ತೀನಿ. ಒಲೆ ಮಾತ್ರ ನೀನ್ ನೋಡ್ಕೋ. ಬೇಗ ಬಾ."